ಹಲ್ಲುನೋವನ್ನು ನುಂಗಿಕೊಂಡು ಕೂರಬೇಡಿ

ಮಗುವಿಗೆ ಎಂಟು ತಿಂಗಳು, ನನ್ನ ಎರಡು ದವಡೆ ಹಲ್ಲು ಹುಳುಕಾಗಿವೆ, ಖರ್ಚಿಗೆ ಹೆದರಿ ನೋವಿನ ಮಾತ್ರೆಯಲ್ಲೇ ದಿನ ನೂಕುತ್ತಿದ್ದೇನೆ ಎಂದು ಬರೆದಿದ್ದೀರಿ. ಓದಿ ಸಂಕಟವಾಯಿತು. ಏಕೆಂದರೆ ನೀವು ಒಂದು ಪೆನ್ನಿಯನ್ನೂ ಕೊಡಬೇಕಾಗಿಲ್ಲ! ಇಂಗ್ಲೆಂಡಿನ ಎನ್‌ಎಚ್‌ಎಸ್‌ನಲ್ಲಿ ಗರ್ಭಿಣಿಯರಿಗೂ ಹೆರಿಗೆಯಾಗಿ 12 ತಿಂಗಳು ತುಂಬದ ತಾಯಂದಿರಿಗೂ ದಂತ ಚಿಕಿತ್ಸೆ ಉಚಿತ. ಲೆಕ್ಕಕ್ಕೆ ಬರುವುದು ಚಿಕಿತ್ಸೆ ಶುರುವಾಗುವ ದಿನ. ಆದ್ದರಿಂದ ಮಗುವಿನ ಮೊದಲ ಹುಟ್ಟುಹಬ್ಬದವರೆಗೆ ಕಾಯದೆ ಈ ವಾರವೇ ದಂತವೈದ್ಯರಿಗೆ ಫೋನ್ ಮಾಡಿ. ಹೆರಿಗೆ ವಿನಾಯಿತಿ ಪ್ರಮಾಣಪತ್ರ ಇಲ್ಲದಿದ್ದರೆ ನಿಮ್ಮ ಜಿಪಿ ಅಥವಾ ಮಿಡ್‌ವೈಫ್ ಬಳಿ ಕೇಳಿ.

ನಿಮ್ಮ ಯಜಮಾನರ ಹಲ್ಲಿನ ಚಿಂತೆ ಬೇರೆ. ಅವರಿಗೆ ಈ ವಿನಾಯಿತಿ ಇಲ್ಲ, ಹಾಗಾಗಿ ಅದು ನಿಜವಾದ ಚಿಂತೆಯೇ. ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳಿಸುವುದು ಎಲ್ಲ ಬರುವ ಎರಡನೇ ದರ್ಜೆಯ ಶುಲ್ಕ 2006ರಲ್ಲಿ 42.40 ಪೌಂಡ್ ಇತ್ತು. 2025ರ ಏಪ್ರಿಲ್‌ನಲ್ಲಿ 75.30 ಆಯಿತು. ಕಟ್ಟಿಸುವ ಹಲ್ಲು, ಕ್ರೌನ್ ಬೇಕಾದರೆ ಆಗ 326.70 ಇತ್ತು. ದುಡಿದು ತಿನ್ನುವ ಮನೆಗೆ ಇದು ಭಾರ, ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ಒಂದು ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ: ಒಂದೇ ಸುತ್ತಿನ ಚಿಕಿತ್ಸೆಯಲ್ಲಿ ಮೂರು ಫಿಲ್ಲಿಂಗ್ ಆದರೂ ಶುಲ್ಕ ಒಂದೇ ಸಲ. ಹಾಗಾಗಿ ಎಲ್ಲ ಹಲ್ಲನ್ನೂ ಒಟ್ಟಿಗೆ ತೋರಿಸಲಿ.

ನಿಮ್ಮ ವರಮಾನ ಕಡಿಮೆಯಿದ್ದು, ಉಳಿತಾಯ 16,000 ಪೌಂಡ್ ಮೀರದಿದ್ದರೆ ಯಜಮಾನರು ಎಚ್‌ಸಿ1 ಅರ್ಜಿ ಹಾಕಬಹುದು. ಪೂರ್ತಿ ಅಥವಾ ಭಾಗಶಃ ರಿಯಾಯಿತಿ ಸಿಗಬಹುದು. ಅರ್ಹತೆ ಖಚಿತವಾಗದೆ ಉಚಿತವೆಂದು ಸಹಿ ಮಾಡಬೇಡಿ, ದಂಡ ಬೀಳುತ್ತದೆ. ಮುಖ ಊದಿದರೆ, ಜ್ವರ ಬಂದರೆ ಮಾತ್ರ ಯಾವ ಕಾಗದಕ್ಕೂ ಕಾಯದೆ 111ಕ್ಕೆ ಕರೆ ಮಾಡಿ.