ಹಳೆಯ ಆಂಪ್ಲಿಫೈಯರ್ ಕೊಳ್ಳುವ ಮುನ್ನ

ರಿಸೀವರ್‌ಗೆ ಹಳೆಯ 7 ಚಾನೆಲ್ ಪವರ್ ಆಂಪ್ಲಿಫೈಯರ್ ಜೋಡಿಸುವ ನಿಮ್ಮ ಯೋಚನೆ ಸರಿಯಾಗಿಯೇ ಇದೆ. ಎಚ್‌ಡಿಎಂಐ, ಡಾಲ್ಬಿ ಅಂತ ಬೇಗ ಹಳತಾಗುವುದು ರಿಸೀವರ್. ಬರೀ ಪವರ್ ಆಂಪ್ಲಿಫೈಯರ್‌ಗೆ ಆ ಕಾಟವಿಲ್ಲ. ಜೋಪಾನವಾಗಿ ಬಳಸಿದ್ದರೆ 15 ವರ್ಷದ್ದೂ ಚೆನ್ನಾಗಿ ನುಡಿಯುತ್ತದೆ. ಆದರೆ ನಿಮ್ಮ ರಿಸೀವರ್‌ನ ಹಿಂಬದಿಯಲ್ಲಿ ಪ್ರತಿ ಚಾನೆಲ್‌ಗೂ ಪ್ರೀ-ಔಟ್ (ಹೊರಗಿನ ಆಂಪ್ಲಿಫೈಯರ್‌ಗೆ ಸಿಗ್ನಲ್ ಕೊಡುವ ಸಾಕೆಟ್) ಇದೆಯೇ? ಇಲ್ಲದಿದ್ದರೆ ಈ ಖರೀದಿಯೇ ಬೇಡ.

ನನಗೆ ಆತಂಕ ತಂದದ್ದು ‘ಅಮೆರಿಕದಿಂದ ತಂದ ಸೆಟ್ಟು’ ಎಂಬ ನಿಮ್ಮ ಮಾತು. ಅಲ್ಲಿನದು 120 ವೋಲ್ಟ್; ನಮ್ಮ 230ಕ್ಕೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ. ಒಳಗೆ ವೋಲ್ಟೇಜ್ ಬದಲಿಸುವ ಏರ್ಪಾಡಿದ್ದರೆ ಸರಿ. ಇಲ್ಲವೆಂದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 7 ಚಾನೆಲ್‌ಗೆ ಅದೂ ದೊಡ್ಡದೇ ಬೇಕು. ಭಾರ, ಖರ್ಚು, ಜೊತೆಗೆ ಗುಂಯ್ ಎನ್ನುವ ಸದ್ದು. ನಾನಾದರೆ ಬಿಟ್ಟುಬಿಡುತ್ತೇನೆ.

ಆದರೂ ಕೊಳ್ಳುವ ಮನಸ್ಸಿದ್ದರೆ, ಮಾರುವವರು ‘100 ವ್ಯಾಟ್’ ಎಂದದ್ದು ಎಲ್ಲ ಚಾನೆಲ್‌ಗಳೂ ಒಟ್ಟಿಗೆ ದುಡಿಯುವಾಗಲೋ, ಎರಡೇ ದುಡಿಯುವಾಗಲೋ ಎಂಬುದನ್ನೂ ಕೇಳಿಕೊಳ್ಳಿ.

ನೋಡಲು ಹೋಗುವಾಗ ಮಲ್ಟಿಮೀಟರ್ ಒಯ್ಯಿರಿ. ಸ್ಪೀಕರ್ ಜೋಡಿಸುವ ಮೊದಲೇ ಪ್ರತಿ ಔಟ್‌ಪುಟ್‌ನಲ್ಲೂ ಡಿಸಿ ಅಳೆಯಿರಿ. ಇಪ್ಪತ್ತು ಮೂವತ್ತು ಮಿಲಿವೋಲ್ಟ್ ಸಹಜ, 100 ದಾಟಿದರೆ ಬೇಡ. ಆಮೇಲೆ ಒಂದೇ ಸ್ಪೀಕರನ್ನು ಎಲ್ಲ ಚಾನೆಲ್‌ಗಳಿಗೂ ಸರದಿಯಾಗಿ ಹಾಕಿ ಕೇಳಿ; ವೈರ್ ಬದಲಿಸುವಾಗ ಆಫ್ ಮಾಡುವುದನ್ನು ಮರೆಯಬೇಡಿ. ಅರ್ಧ ಗಂಟೆ ಬಿಸಿಯಾದ ಮೇಲೂ ದನಿ ಕೆಡಬಾರದು. ದನಿ ಆಗಾಗ ಬಂದು ಹೋಗುವುದು ರಿಲೇಯ ದೋಷವಾದರೆ ರಿಪೇರಿ ಸುಲಭ. ಕೆಪಾಸಿಟರ್ ಊದಿದ್ದರೆ ಮಾತ್ರ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡೇ ಮಾತಾಡಿ.