ಅಮೆರಿಕದಲ್ಲಿ ಮೂರನೆಯವರಿಗೆ ಜಾಗವೇಕಿಲ್ಲ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ನೆಲೆಸಿರುವ ನನ್ನ ಮಗಳಿಗೆ ಅಲ್ಲಿನ ಪೌರತ್ವ ಸಿಕ್ಕಿದೆ. ಚುನಾವಣೆ ಬಂದಾಗಲೆಲ್ಲ, ‘ಎರಡೂ ಪಕ್ಷ ಸಾಕಾಗಿ ಹೋಗಿವೆ ಅಪ್ಪಾ, ಮೂರನೆಯವರಿಗೆ ಹಾಕೋಣವೆಂದರೆ ವೋಟು ದಂಡ’ ಎಂದು ಗೊಣಗುತ್ತಾಳೆ. ನಮ್ಮಲ್ಲಿ ಮುನಿಸಿಕೊಂಡ ನಾಯಕನಿಗೊಂದು ಪಕ್ಷ. ಅಷ್ಟು ದೊಡ್ಡ ದೇಶದಲ್ಲಿ ಮೂರನೆಯದೊಂದು ಏಕೆ ಹುಟ್ಟುವುದಿಲ್ಲ?
— ಓದುಗರು, ಶಿವಮೊಗ್ಗ

ಹುಟ್ಟುತ್ತವೆ, ಬೆಳೆಯುವುದಿಲ್ಲ. ಲಿಬರ್ಟೇರಿಯನ್ ಪಾರ್ಟಿ 1971ರಿಂದ ಇದೆ, ಗ್ರೀನ್ ಪಾರ್ಟಿ ಇದೆ. 2025ರ ಜುಲೈನಲ್ಲಿ ಎಲಾನ್ ಮಸ್ಕ್ ‘ಅಮೆರಿಕ ಪಾರ್ಟಿ’ ಕಟ್ಟುವುದಾಗಿ ಸಾರಿದರು. ಅಷ್ಟು ದುಡ್ಡಿದ್ದವರ ಉತ್ಸಾಹವೂ ಕೆಲವೇ ವಾರಗಳಲ್ಲಿ ತಣ್ಣಗಾಯಿತು. ಹಾಗೆಂದು ಜನಕ್ಕೆ ಬೇಡವೆಂದಲ್ಲ. ಮೂರನೇ ದೊಡ್ಡ ಪಕ್ಷವೊಂದು ಬೇಕೇ ಎಂದು ಗ್ಯಾಲಪ್ ಸಂಸ್ಥೆ ಕೇಳಿದಾಗ ಇತ್ತೀಚಿನ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೌದೆಂದೇ ಹೇಳಿದ್ದಾರೆ. ನಿಮ್ಮ ಮಗಳ ಬೇಸರ ಬಹುಸಂಖ್ಯಾತರ ಬೇಸರ.

‘ವೋಟು ದಂಡ’ ಎಂಬ ಲೆಕ್ಕವೂ ಸುಳ್ಳಲ್ಲ. 1992ರಲ್ಲಿ ಟೆಕ್ಸಸ್‌ನ ಉದ್ಯಮಿ ರಾಸ್ ಪೆರೊ ಸ್ವತಂತ್ರರಾಗಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಸುಮಾರು ಶೇ 19ರಷ್ಟು ಮತ ಪಡೆದರು. ಹತ್ತಿರ ಹತ್ತಿರ ಎರಡು ಕೋಟಿ ಜನ ಅವರಿಗೆ ಹಾಕಿದ್ದರು. ಆದರೆ ಅಧ್ಯಕ್ಷರನ್ನು ನಿಜಕ್ಕೂ ಆರಿಸುವ 538 ಎಲೆಕ್ಟೋರಲ್ ಮತಗಳಲ್ಲಿ ಅವರಿಗೆ ದಕ್ಕಿದ್ದು ಸೊನ್ನೆ. 50ರಲ್ಲಿ 48 ರಾಜ್ಯಗಳು, ಒಂದೇ ಮತದ ಮುನ್ನಡೆಯಾದರೂ ಸರಿ, ಮೊದಲು ಬಂದವರಿಗೆ ತಮ್ಮ ಅಷ್ಟೂ ಎಲೆಕ್ಟೋರಲ್ ಮತಗಳನ್ನು ಕೊಟ್ಟುಬಿಡುತ್ತವೆ. ಪೆರೊ ದೇಶದ ತುಂಬ ಹರಡಿದ್ದರು, ಯಾವ ರಾಜ್ಯದಲ್ಲೂ ಮೊದಲಿಗರಾಗಲಿಲ್ಲ. 1968ರಲ್ಲಿ ವರ್ಣಭೇದ ನೀತಿಯ ಪರ ನಿಂತ ಜಾರ್ಜ್ ವಾಲೇಸ್ ಅದಕ್ಕಿಂತ ಕಡಿಮೆ ಮತ ಪಡೆದೂ ದಕ್ಷಿಣದ ಐದು ರಾಜ್ಯ ಗೆದ್ದಿದ್ದರು, ಏಕೆಂದರೆ ಅವರ ಬೆಂಬಲಿಗರು ಒಂದೇ ಕಡೆ ಒತ್ತಾಗಿದ್ದರು. ಮೂರನೆಯವರು ರಾಜ್ಯವೊಂದನ್ನು ಗೆದ್ದದ್ದು ಅದೇ ಕೊನೆ.

ಇನ್ನು 2000ನೇ ಇಸವಿಯ ಫ್ಲಾರಿಡಾ. ಜಾರ್ಜ್ ಬುಷ್ ಅಲ್ಲಿ ಅಲ್ ಗೋರ್ ಅವರನ್ನು 537 ಮತಗಳಿಂದ ಹಿಂದಿಕ್ಕಿ ಶ್ವೇತಭವನ ಸೇರಿದರು. ಗ್ರೀನ್ ಪಾರ್ಟಿಯ ರಾಲ್ಫ್ ನೇಡರ್ ಅದೇ ರಾಜ್ಯದಲ್ಲಿ 97 ಸಾವಿರಕ್ಕೂ ಹೆಚ್ಚು ಮತ ಪಡೆದಿದ್ದರು. ಅವರೆಲ್ಲ ಗೋರ್‌ಗೇ ಹಾಕುತ್ತಿದ್ದರೆಂದು ಹೇಳಲಾಗದು. ಆದರೂ ಅಂದಿನಿಂದ ಡೆಮಾಕ್ರಟಿಕ್ ಮನೆಗಳಲ್ಲಿ ಮೂರನೆಯವರ ಹೆಸರೆತ್ತಿದರೆ ಫ್ಲಾರಿಡಾ ಎಂಬ ಒಂದೇ ಉತ್ತರ.

ಮೊದಲು ಬಂದವನೇ ಗೆದ್ದ ಎಂಬ ನಿಯಮ ನಮ್ಮ ವಿಧಾನಸಭೆ, ಲೋಕಸಭೆಗಳಿಗೂ ಇದೆಯಲ್ಲ, ಇಲ್ಲೇಕೆ ಇಷ್ಟು ಪಕ್ಷ ಎಂದು ನೀವು ಕೇಳಬಹುದು. ನನ್ನ ಮಟ್ಟಿಗೆ ವಿಷಯದ ತಿರುಳು ಇಲ್ಲಿದೆ. 2018ರ ಕರ್ನಾಟಕವನ್ನು ನೆನೆಯಿರಿ. ಜನತಾದಳ ಗೆದ್ದದ್ದು 37 ಸ್ಥಾನ, ಮೂರನೆಯ ಜಾಗ. ಆದರೆ ಮುಖ್ಯಮಂತ್ರಿಯಾದವರು ಎಚ್.ಡಿ. ಕುಮಾರಸ್ವಾಮಿ. ಸರ್ಕಾರ ಸದನದೊಳಗಿನ ತಲೆ ಎಣಿಕೆಯ ಮೇಲೆ ನಿಂತಿರುವುದರಿಂದ ಇಲ್ಲಿ ಮೂವತ್ತೇಳಕ್ಕೂ ಬೆಲೆ ಇತ್ತು, ಕೆಲವೊಮ್ಮೆ ಒಬ್ಬ ಪಕ್ಷೇತರನಿಗೂ ಇರುತ್ತದೆ. ಅಮೆರಿಕದ ಅಧ್ಯಕ್ಷನಿಗೆ ಸದನದ ಬಹುಮತ ಬೇಕಿಲ್ಲ. ಅವನ ಆಯ್ಕೆ ಬೇರೆ, ಸಂಸತ್ತಿನದು ಬೇರೆ. ಅವಿಶ್ವಾಸ ಗೊತ್ತುವಳಿ ಎಂಬುದೇ ಇಲ್ಲ. ಮೂರನೇ ಪಕ್ಷವೊಂದು ಇಪ್ಪತ್ತು ಸ್ಥಾನ ಗೆದ್ದರೂ ಮಸೂದೆಗಳ ವಿಷಯದಲ್ಲಿ ತಕರಾರು ತೆಗೆಯಬಹುದೇ ಹೊರತು, ‘ಬೆಂಬಲ ಬೇಕಾದರೆ ಹಣಕಾಸು ಖಾತೆ ಕೊಡಿ’ ಎನ್ನುವಂತಿಲ್ಲ. ಅಧ್ಯಕ್ಷ ಚುನಾವಣೆಯಲ್ಲಿ ಯಾರಿಗೂ 270 ಎಲೆಕ್ಟೋರಲ್ ಮತ ಬರದಿದ್ದರೆ ಕೆಳಮನೆಯಲ್ಲಿ ರಾಜ್ಯಕ್ಕೊಂದರಂತೆ ಮತ ಹಾಕಿ ಆರಿಸುತ್ತಾರೆ. ಅಲ್ಲಿಯೂ ತುಂಬಿಕೊಂಡಿರುವವರು ಅದೇ ಎರಡು ಪಕ್ಷದವರು. ಚೌಕಾಶಿಗೆ ಕೂರಲು ಚಾಪೆಯೇ ಇಲ್ಲದ ಕಡೆ ಸಣ್ಣ ಪಕ್ಷ ಎಷ್ಟು ದಿನ ನಿಂತೀತು?

ಹಾಗಾಗಿ ಅಲ್ಲಿ ಅತೃಪ್ತರು ಹೊಸ ಪಕ್ಷ ಕಟ್ಟುವ ಬದಲು ಹಳೆಯದರೊಳಕ್ಕೆ ನುಗ್ಗುತ್ತಾರೆ. ನುಗ್ಗಲು ಬಾಗಿಲೂ ಇದೆ. ನಮ್ಮಲ್ಲಿ ಬಿ ಫಾರಂ ಹೈಕಮಾಂಡ್ ಕೈಯಲ್ಲಿ. ಅಲ್ಲಿ ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ಮತದಾರರೇ ಟಿಕೆಟ್ ಕೊಡುತ್ತಾರೆ. 2016ರಲ್ಲಿ ರಿಪಬ್ಲಿಕನ್ ಹಿರಿಯರಿಗೆ ಬೇಡವಾಗಿದ್ದ ಟ್ರಂಪ್ ಆ ದಾರಿಯಲ್ಲೇ ಬಂದು ಪಕ್ಷವನ್ನೇ ತಮ್ಮದಾಗಿಸಿಕೊಂಡರು. ಸೆನೆಟ್‌ನಲ್ಲಿ ಪಕ್ಷೇತರರಾಗಿಯೇ ಇರುವ ಬರ್ನಿ ಸ್ಯಾಂಡರ್ಸ್ ಎರಡು ಸಲ ಡೆಮಾಕ್ರಟಿಕ್ ಟಿಕೆಟ್ಟಿಗೆ ಪೈಪೋಟಿ ನಡೆಸಿ ಸೋತರು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಸ್ಥಾನದ ಪ್ರೈಮರಿಯಲ್ಲಿ ಸೋತು, 2022ರಲ್ಲಿ ಡೆಟ್ರಾಯಿಟ್ ಭಾಗದ ಕ್ಷೇತ್ರದಿಂದ ಸಂಸತ್ತಿಗೆ ಹೋದರು. 2022ರ ಪ್ರೈಮರಿಯಲ್ಲಿ ಅವರು ಪಡೆದದ್ದು ಶೇ 30ಕ್ಕೂ ಕಡಿಮೆ ಮತ. ಕ್ಷೇತ್ರ ಡೆಮಾಕ್ರಟರ ಭದ್ರಕೋಟೆ, ಹಾಗಾಗಿ ನವೆಂಬರ್‌ನಲ್ಲಿ ಗೆಲುವು ಸಲೀಸು. ದೇಶದ ಬಹುಪಾಲು ಕ್ಷೇತ್ರಗಳು ಹೀಗೆ ಒಂದಲ್ಲ ಒಂದು ಪಕ್ಷದ ಕೋಟೆಗಳು. ಅರ್ಧ ಸಹಜವಾಗಿ, ಅರ್ಧ ಗಡಿರೇಖೆ ಎಳೆಯುವವರ ಕೈಚಳಕದಿಂದ. ಅಂಥಲ್ಲಿ ಪ್ರೈಮರಿಗೆ ಬಂದ ಕೆಲವರೇ ಎಲ್ಲರ ಪ್ರತಿನಿಧಿಯನ್ನು ಗೊತ್ತುಮಾಡಿಬಿಡುತ್ತಾರೆ. ಪಕ್ಷ ಎರಡೇ ಇರುವುದಕ್ಕಿಂತ ಇದು ದೊಡ್ಡ ಕೊರತೆ ಎಂದು ನನಗನ್ನಿಸುತ್ತದೆ.

ವೋಟು ದಂಡವಾಗದಂತೆ ಮಾಡುವ ಉಪಾಯ ನಿಮಗೆ ಹೊಸದಲ್ಲ. ನೀವು ಪದವೀಧರರಾಗಿದ್ದು ನೈಋತ್ಯ ಪದವೀಧರ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದ್ದರೆ, ವಿಧಾನ ಪರಿಷತ್ ಚುನಾವಣೆಯಲ್ಲಿ 1, 2, 3 ಎಂದು ಪ್ರಾಶಸ್ತ್ಯ ಬರೆದು ಬಂದಿರುತ್ತೀರಿ. ಮೊದಲ ಪ್ರಾಶಸ್ತ್ಯ ಪಡೆದವರು ಕಣದಿಂದ ಹೊರಬಿದ್ದರೆ ನಿಮ್ಮ ಮತ ಎರಡನೆಯವರಿಗೆ ಹೋಗುತ್ತದೆ. ಮೇನ್ ರಾಜ್ಯ ಇದನ್ನು 2018ರಲ್ಲಿ ಬಳಕೆಗೆ ತಂದಾಗ ಸಂಸತ್ ಚುನಾವಣೆಯ ಮೊದಲ ಎಣಿಕೆಯಲ್ಲಿ ಮುಂದಿದ್ದ ಬ್ರೂಸ್ ಪಾಲಿಕ್ವಿನ್ ಎರಡನೇ ಪ್ರಾಶಸ್ತ್ಯ ಕೂಡಿಸಿದಾಗ ಜ್ಯಾರೆಡ್ ಗೋಲ್ಡನ್ ಎದುರು ಸೋತರು. ಅಲಾಸ್ಕಾದಲ್ಲೂ ಇದೆ. ಆದರೆ 2024ರಲ್ಲಿ ಕೊಲರಾಡೊ, ಒರೆಗಾನ್, ಐಡಹೊ, ನೆವಾಡ ನಾಲ್ಕೂ ರಾಜ್ಯಗಳ ಮತದಾರರು ಇದು ಬೇಡವೆಂದರು. ಎರಡೂ ಪಕ್ಷ ಸಾಕಾಗಿ ಹೋಗಿವೆ ಎನ್ನುವವರೇ ಬದಲಾವಣೆ ಬಂದಾಗ ಹಿಂಜರಿದದ್ದೂ ಉಂಟು. ಎಲ್ಲ ತಪ್ಪನ್ನೂ ಪಕ್ಷಗಳ ಮೇಲೆ ಹೊರಿಸಲಾಗದು.

ನ್ಯೂಜೆರ್ಸಿಯಲ್ಲಿ ಪ್ರೈಮರಿ ನಡೆಯುವುದು ಜೂನ್‌ನಲ್ಲಿ. ನಿಮ್ಮ ಮಗಳು ಯಾವ ಪಕ್ಷಕ್ಕೂ ಸೇರದೆ ಹೆಸರು ನೋಂದಾಯಿಸಿದ್ದರೂ ಆ ದಿನ ಮತಗಟ್ಟೆಯಲ್ಲೇ ಒಂದು ಪಕ್ಷ ಆರಿಸಿಕೊಂಡು ಮತ ಹಾಕಬಹುದು. ನವೆಂಬರ್‌ವರೆಗೆ ಕಾಯಬೇಡವೆಂದು ಹೇಳಿ.