ಹಳೆಯ ಕಾರಿನ ಬಿಸಿಗಾಳಿಯ ಮೋಟಾರು

ಇಂಗ್ಲೆಂಡಿನಂತಹ ಶೀತದೇಶದಲ್ಲಿ, ಚಳಿಗಾಲದ ಮುಂಜಾನೆ ಕಾರಿನೊಳಗೆ ಕುಳಿತವರ ಉಸಿರಿನ ತೇವವು ಮುಂದಿನ ಗಾಜಿನ ತಣ್ಣನೆಯ ಮೈಮೇಲೆ ಹನಿಗಟ್ಟುತ್ತದೆ. ಎದುರಿನ ದಾರಿ ಕಾಣದಾಗುತ್ತದೆ. ಆ ಗಾಜಿಗೆ ಬಿಸಿಗಾಳಿಯನ್ನು ಊದುವ ಪುಟ್ಟ ಮೋಟಾರು ಕೇವಲ ಸುಖಸಾಧನವಲ್ಲ. ಚಾಲಕನ ಕಣ್ಣನ್ನು ಕಾಯುವ ಉಪಕರಣ. ಹಳೆಯ ಕಾರುಗಳನ್ನು ಜೋಪಾನವಾಗಿ ಓಡಿಸುವವರು ಅಲ್ಲಿ ಇಂದಿಗೂ ಅನೇಕರಿದ್ದಾರೆ. ಅವರ ಮೋಟಾರು ನಿಧಾನವಾದಾಗ ಮೊದಲು ಹೊಳೆಯುವ ಉಪಾಯವೆಂದರೆ, ಅದನ್ನು ಕಿತ್ತು ಹೆಚ್ಚು ಶಕ್ತಿಯ ಇನ್ನೊಂದನ್ನು ಕೂರಿಸುವುದು. ಈ ಉಪಾಯ ಸರಿಯೇ? ಓಮನ ನಿಯಮವನ್ನು ಬಲ್ಲ ವಿದ್ಯಾರ್ಥಿಯೇ ಇದಕ್ಕೆ ಉತ್ತರ ಹೇಳಬಲ್ಲನು.

1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಎಂಬ ಬ್ರಿಟಿಷ್ ಕಾರನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಎಂಜಿನ್ನನ್ನು ತಂಪುಗೊಳಿಸಿ ತಾನು ಬಿಸಿಯಾದ ನೀರಿನ ಒಂದು ಭಾಗವು, ಎಂಜಿನ್ನಿನ ಹಿಂಬದಿಯ ಪೆಟ್ಟಿಗೆಯೊಂದರಲ್ಲಿರುವ ಚಿಕ್ಕ ರೇಡಿಯೇಟರಿನೊಳಗೆ ಹರಿಯುತ್ತದೆ. ಮೋಟಾರು ತಿರುಗಿಸುವ ಪಂಖವು ಅದರ ಮೂಲಕ ಗಾಳಿಯನ್ನು ನೂಕುತ್ತದೆ. ಆದುದರಿಂದ ಶಾಖವನ್ನು ಕೊಡುವುದು ನೀರು; ಮೋಟಾರು ಅದನ್ನು ಸಾಗಿಸುವ ಕೂಲಿಯಾಳು ಮಾತ್ರ. ನೀರಿನ ನಳಿಗೆಯಲ್ಲಿ ಕಸ ಕಟ್ಟಿದ್ದರೆ ಎಷ್ಟು ದೊಡ್ಡ ಮೋಟಾರನ್ನು ಕೂರಿಸಿದರೂ ಬರುವುದು ತಣ್ಣನೆಯ ಗಾಳಿಯೇ. ಈ ನಳಿಗೆಗಳು ಕೈಗೆ ಬಿಸಿಯಾಗಿ ತಗಲುವವೇ ಎಂದು ನೋಡುವುದೇ ಮೊದಲ ಪರೀಕ್ಷೆ.

ಇನ್ನು ಮೋಟಾರಿನ ವಿಚಾರ. ಅಯಸ್ಕಾಂತ ಕ್ಷೇತ್ರದಲ್ಲಿ ತಿರುಗುವ ಆರ್ಮೇಚರ್ ತಾನೇ ಒಂದು ಡೈನಮೋ ಆಗಿಯೂ ವರ್ತಿಸಿ, ಬ್ಯಾಟರಿಗೆ ಎದುರಾದ ವಿದ್ಯುಚ್ಚಾಲಕ ಬಲವನ್ನು ಹುಟ್ಟಿಸುತ್ತದೆ. ಇದು ವೇಗದೊಡನೆ ಏರುತ್ತದೆ, ವೇಗದೊಡನೆ ಇಳಿಯುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಸುರುಳಿಯ ರೋಧ 1 ಓಮ್ ಎಂದೂ, 12 ವೋಲ್ಟಿನಲ್ಲಿ ಮೋಟಾರು 4 ಆಂಪಿಯರ್ ಎಳೆಯುತ್ತದೆ ಎಂದೂ ಇಟ್ಟುಕೊಳ್ಳೋಣ. ಆಗ ಎದುರು ಬಲ 12 − 4 = 8 ವೋಲ್ಟ್; ಸುರುಳಿಯಲ್ಲಿ ಹುಟ್ಟುವ ಶಾಖ 16 ವಾಟ್. ಬುಷ್‌ನ ಎಣ್ಣೆ ಒಣಗಿ ಮೋಟಾರು ಸಿಕ್ಕಿಕೊಂಡು ನಿಂತಿತೆನ್ನಿ. ಎದುರು ಬಲ ಶೂನ್ಯವಾಗಿ ಪ್ರವಾಹ 12 ಆಂಪಿಯರಿಗೂ, ಶಾಖ 144 ವಾಟಿಗೂ ಏರುತ್ತದೆ. ನಿಂತ ಮೋಟಾರು ಸುಟ್ಟುಹೋಗುವುದು ಈ ಕಾರಣದಿಂದ.

ನಿಧಾನವಾದ ಮೋಟಾರಿನ ರೋಗನಿದಾನಕ್ಕೆ ಇದೇ ಕೀಲಿಕೈ. ಮೋಟಾರು ತಿರುಗುತ್ತಿರುವಾಗ ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನೂ, ಅದು ಎಳೆಯುವ ಪ್ರವಾಹವನ್ನೂ ಅಳೆಯಬೇಕು. ವೋಲ್ಟೇಜು ಸರಿಯಾಗಿದ್ದು ಪ್ರವಾಹ ಅತಿಯಾಗಿದ್ದರೆ ಮೊದಲು ಬುಷ್‌ಗಳನ್ನು ಸಂಶಯಿಸಬೇಕು. ವೋಲ್ಟೇಜು ಸರಿಯಾಗಿದ್ದು ಪ್ರವಾಹ ಕಡಮೆಯಾಗಿದ್ದರೆ ಕಾರ್ಬನ್ ಬ್ರಷ್‌ಗಳು ಸವೆದಿರಬಹುದು, ಇಲ್ಲವೆ ಕಮ್ಯುಟೇಟರಿನ ಮೇಲೆ ಮಸಿ ಕೂತಿರಬಹುದು. ವೋಲ್ಟೇಜೇ ಕಡಮೆಯಾಗಿದ್ದರೆ ಅಪರಾಧಿ ಮೋಟಾರಲ್ಲ, ಅದರವರೆಗಿನ ದಾರಿ.

ಈ ಮೂರನೆಯದು ಹಳೆಯ ಕಾರುಗಳಲ್ಲಿ ಅಪರೂಪವಲ್ಲ. ಸ್ವಿಚ್ಚಿನಲ್ಲಿ, ಫ್ಯೂಸಿನ ಹಿಡಿಕೆಯಲ್ಲಿ, ಕಾರಿನ ಮೈಗೆ ಬಿಗಿದ ತಂತಿಯ ತುದಿಯಲ್ಲಿ ಕಿಲುಬು ಕಟ್ಟಿ, ಒಟ್ಟು 1 ಓಮ್ ರೋಧ ಸೇರಿದೆಯೆನ್ನೋಣ. ಪಂಖದ ಹೊರೆ ವೇಗಕ್ಕೆ ತಕ್ಕಂತೆ ಇಳಿಯುತ್ತದೆಂದು ಸ್ಥೂಲವಾಗಿ ಎಣಿಸಿದರೆ, ನಮ್ಮ ಮೋಟಾರು 3 ಆಂಪಿಯರ್ ಎಳೆಯುತ್ತದೆ. ಕಿಲುಬು 3 ವೋಲ್ಟನ್ನು ನುಂಗುತ್ತದೆ. ಮೋಟಾರಿಗೆ ಉಳಿಯುವುದು 9. ವೇಗ ಮುಕ್ಕಾಲಿಗೆ ಇಳಿಯುತ್ತದೆ. ಕಿಲುಬಿನಲ್ಲಿ 9 ವಾಟ್ ಶಾಖ ಹುಟ್ಟುತ್ತದೆ. ಇಲ್ಲಿಗೆ, ಮೊದಲಿನದರ ಎರಡರಷ್ಟು ಶಕ್ತಿಯ, ಅಂದರೆ 8 ಆಂಪಿಯರಿನ ಮೋಟಾರನ್ನು ತಂದು ಕೂರಿಸಿದರೆ? ಅದರ ಸುರುಳಿಯ ರೋಧ ಅರ್ಧ ಓಮ್ ಎಂದಿಟ್ಟುಕೊಂಡರೆ, ಅದು ಎಳೆಯುವುದು ಸುಮಾರು 5 ಆಂಪಿಯರ್, ಪಡೆಯುವುದು ಸುಮಾರು 7 ವೋಲ್ಟ್. ಕೊಂಡ ಶಕ್ತಿಯ ಬಹುಭಾಗ ಕೈಸೇರದೆ ಹೋಯಿತು. ಕಿಲುಬಿನಲ್ಲಿನ ಶಾಖವಾದರೋ 9 ವಾಟಿನಿಂದ ಸುಮಾರು 25 ವಾಟಿಗೆ ಏರಿತು.

ಇಲ್ಲಿಯೇ ಅಪಾಯವಿರುವುದು. ಬೆರಳ ತುದಿಯಷ್ಟು ಜಾಗದಲ್ಲಿ 25 ವಾಟ್ ಎಂದರೆ ಬೆಸುಗೆ ಹಾಕುವ ಸಣ್ಣ ಕಾವುಗೋಲಿನ ಶಾಖ. ಫ್ಯೂಸು ಕಾಯುತ್ತದೆಯಲ್ಲವೇ ಎಂದು ವಾಚಕರು ಕೇಳಬಹುದು. ಫ್ಯೂಸಿಗೆ ತಿಳಿಯುವುದು ತನ್ನ ಮೂಲಕ ಹರಿಯುವ ಪ್ರವಾಹ ಮಾತ್ರ. ಬೇರೆಡೆ ಹುಟ್ಟುವ ಶಾಖ ಅದಕ್ಕೆ ತಿಳಿಯದು. ಆ ಕಾಲದ ಲೂಕಸ್ ಫ್ಯೂಸಿನ ಮೇಲೆ ಬರೆದ 35 ಎಂಬ ಅಂಕೆ ಅದು ಕರಗುವ ಪ್ರವಾಹ. ಸತತವಾಗಿ ಹೊರಬಲ್ಲದ್ದು 17 ಆಂಪಿಯರ್. ನಮ್ಮ 5 ಆಂಪಿಯರಿಗೆ ಅದು ಅಲುಗಾಡದು. ತಂತಿಯ ಹೊದಿಕೆ ಮಾತ್ರ ಕರಗತೊಡಗುತ್ತದೆ.

ಬ್ಯಾಟರಿಯ ಆಯವ್ಯಯವನ್ನೂ ಮರೆಯಬಾರದು. 1967ರವರೆಗಿನ ಎಂ.ಜಿ.ಬಿ.ಗಳಲ್ಲಿದ್ದ ಡೈನಮೋ ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತಿತ್ತು. ಎಂಜಿನ್ನು ಮೆಲ್ಲಗೆ ತಿರುಗುವಾಗ ಬಹುಮಟ್ಟಿಗೆ ಏನನ್ನೂ ಕೊಡುತ್ತಿರಲಿಲ್ಲ. ದೀಪ, ಗಾಜೊರಸು, ಬಿಸಿಗಾಳಿ ಮೂರನ್ನೂ ಹಚ್ಚಿ ವಾಹನಗಳ ಸಂದಣಿಯಲ್ಲಿ ನಿಂತರೆ ಖರ್ಚೆಲ್ಲವೂ ಬ್ಯಾಟರಿಯಿಂದಲೇ. ಅಲ್ಲದೆ, ಅದೇ ಪಂಖದಿಂದ ಎರಡರಷ್ಟು ಗಾಳಿ ಬೇಕಾದರೆ ಬೇಕಾಗುವ ಶಕ್ತಿ ಎರಡರಷ್ಟಲ್ಲ, ಸುಮಾರು ಎಂಟರಷ್ಟು. ಏಕೆಂದರೆ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ.

ಮೋಟಾರು ನಿಜವಾಗಿಯೂ ಕೆಟ್ಟಿದ್ದರೆ ಬದಲಾಯಿಸಲೇಬೇಕು. ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಬೇಕು. ಹೊಸ ಮೋಟಾರಿನ ದಂಡದ ದಪ್ಪ, ತಿರುಗುವ ದಿಕ್ಕು ಹಳೆಯದಕ್ಕೆ ಹೊಂದುವವೇ ಎಂದು ನೋಡಬೇಕು. ಪಂಖವನ್ನು ಕೂರಿಸಿದ ಮೇಲೆ ಕೈಯಿಂದ ತಿರುಗಿಸಿ, ಪೆಟ್ಟಿಗೆಗೆ ತಗಲದೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇನ್ನೊಂದು ಎಚ್ಚರ: 1967ರ ಕೊನೆಯವರೆಗಿನ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಧನಾಗ್ರ ಕಾರಿನ ಮೈಗೆ ಸೇರಿತ್ತು, ಅನಂತರದವುಗಳಲ್ಲಿ ಋಣಾಗ್ರ. ಶಾಶ್ವತ ಅಯಸ್ಕಾಂತವುಳ್ಳ ಮೋಟಾರಿನಲ್ಲಿ ಪ್ರವಾಹದ ದಿಕ್ಕು ಬದಲಾದರೆ ತಿರುಗುವ ದಿಕ್ಕೂ ಬದಲಾಗುತ್ತದೆ. ಕ್ಷೇತ್ರವನ್ನೂ ಸುರುಳಿಯಿಂದಲೇ ಪಡೆಯುವ ಮೋಟಾರಿನಲ್ಲಿ ಎರಡೂ ಒಟ್ಟಿಗೆ ತಿರುವುಮುರುವಾಗುವುದರಿಂದ ದಿಕ್ಕು ಬದಲಾಗದು. ಹೊಸ ಮೋಟಾರು ಭರದಿಂದ ತಿರುಗಿಯೂ ಗಾಳಿ ಸೊರಗಿದ್ದರೆ, ಅದನ್ನು ದೂರುವ ಮೊದಲು ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡಬೇಕು.

ಕಿಲುಬನ್ನು ಉಜ್ಜಲು ಬೇಕಾದದ್ದು ಒಂದು ತುಂಡು ಉಪ್ಪುಕಾಗದ. ಅದು ಎಲ್ಲಿದೆಯೆಂದು ತಿಳಿಯಲು ಬೇಕಾದದ್ದು ಒಂದು ವೋಲ್ಟ್‌ಮಾಪಕ. ಪ್ರಯೋಗಶಾಲೆಯಲ್ಲಿ ಎರಡು ಅಂಕೆಗಳನ್ನು ಬರೆದು ಭಾಗಿಸುವಾಗ ನಮಗೆ ಓಮನ ನಿಯಮ ಸಪ್ಪೆಯೆನಿಸಬಹುದು. ಆದರೆ ಅಳೆಯದೆ ಬದಲಾಯಿಸಿದವನ ಕಾರಿನಲ್ಲಿ ಹೊಗೆಯೇಳುವುದೂ, ಅಳೆದು ಬದಲಾಯಿಸಿದವನ ಗಾಜು ತಿಳಿಯಾಗುವುದೂ ಅದೇ ನಿಯಮದಿಂದ.